ಬದುಕಿರುವ ಜಿಂಕೆಯನ್ನು ಪರೀಕ್ಷಿಸುವುದು

ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬೇಕಾದರೆ ಜಿಂಕೆ ಸತ್ತಿರಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಶುವೈದ್ಯ ವೃತ್ತಿ ಆರಂಭಿಸಿದಾಗಿನಿಂದ ನಾನು ಈ ಮಾತಿನ ಜೊತೆಗೇ ಬದುಕಿದ್ದೇನೆ. ಫೆಡರಲ್ ಕೃಷಿ ಇಲಾಖೆಯ ಪ್ರಮಾಣೀಕರಣ ಯೋಜನೆಯಲ್ಲಿರುವ ಸಾಕಣೆ ಹಿಂಡಿನಲ್ಲಿ ಒಂದು ವರ್ಷ ದಾಟಿದ ಯಾವ ಜಿಂಕೆ ಸತ್ತರೂ, ಅದು ಬೇಲಿಗೆ ಡಿಕ್ಕಿ ಹೊಡೆದು ಸತ್ತಿರಲಿ, ನ್ಯುಮೋನಿಯಾದಿಂದ ಸತ್ತಿರಲಿ, ಅದರ ತಲೆ ನಮ್ಮ ಮೇಜಿಗೆ ಬರುತ್ತದೆ. ಮಿದುಳಿನ ಬುಡ ಬೆನ್ನುಹುರಿಗೆ ಸೇರುವ ಕಡೆ ಓಬೆಕ್ಸ್ ಎಂಬ ಭಾಗವಿದೆ. ಅದನ್ನೂ, ಗಂಟಲ ಹಿಂದೆ ಎರಡೂ ಬದಿಯಲ್ಲಿ ಅಡಗಿರುವ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು, ಕೆಡದಂತೆ ಫಾರ್ಮಲಿನ್‌ನಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಉತ್ತರ ಬರುವ ಹೊತ್ತಿಗೆ ಆ ಜಿಂಕೆಗೆ ಅದರಿಂದ ಆಗಬೇಕಾದುದೇನೂ ಇರುವುದಿಲ್ಲ. ಉಳಿದ ಹಿಂಡಿನ ಅಳಿವು ಉಳಿವು ಮಾತ್ರ ಆ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಉಳಿದ ಹಿಂಡನ್ನು ಕೊಲ್ಲದೆ ಪರೀಕ್ಷಿಸುವ ವಿಧಾನಗಳ ಬಗ್ಗೆ ಓದಿದ್ದೆ, ತರಬೇತಿಯಲ್ಲಿ ನೋಡಿದ್ದೆ. ಇಡೀ ಹಿಂಡಿನ ಮೇಲೆ ಅದನ್ನು ಕೈಯಾರೆ ಮಾಡಿದ್ದು ರಾಜ್ಯದ ದಕ್ಷಿಣ ಭಾಗದ ಒಂದು ಕುಟುಂಬದ ಬಿಳಿಬಾಲದ ಜಿಂಕೆಗಳಲ್ಲಿ. ಆ ಕುಟುಂಬದ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ. ಅವರು ಪಟ್ಟ ಪಾಡು ಸಾಕಷ್ಟಿದೆ. ಆದರೆ ನಡೆದದ್ದನ್ನು ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ.

ರೋಗದ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾವು ಕತ್ತರಿ ಹಿಡಿದು ಯಾವ ಜಾಗಕ್ಕೆ ಏಕೆ ಹೋದೆವು ಎಂಬುದು ತಿಳಿಯುವುದಿಲ್ಲ. 1967ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಕೂಡಿಟ್ಟಿದ್ದ ಮ್ಯೂಲ್ ಜಿಂಕೆಗಳು ತಿಂದರೂ ಸೊರಗುತ್ತಾ, ಜೊಲ್ಲು ಸುರಿಸುತ್ತಾ, ತಲೆ ತಗ್ಗಿಸಿ ನಿಂತಲ್ಲೇ ನಿಂತು ಸಾಯತೊಡಗಿದವು. ಮೊದಲು ಆಹಾರದ ಕೊರತೆಯೋ ವಿಷವೋ ಇರಬೇಕೆಂದುಕೊಂಡರು. 1970ರ ದಶಕದ ಕೊನೆಗೆ ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ ಆ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕುರಿಗಳ ಸ್ಕ್ರೇಪಿ ರೋಗದಲ್ಲಿರುವಂಥದ್ದೇ ತೂತುಗಳನ್ನು ಗುರುತಿಸಿದರು. ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂದು ಕರೆಯುವ, ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಅದು ದೇಹದಲ್ಲಿ ಸಹಜವಾಗಿಯೇ ಇರುವ ಅದೇ ಜಾತಿಯ ಪ್ರೋಟೀನನ್ನು ತನ್ನ ಆಕಾರಕ್ಕೆ ಎಳೆಯುತ್ತಾ ಹೋಗುತ್ತದೆ, ಹಾಲಿಗೆ ಬಿದ್ದ ಹೆಪ್ಪಿನ ಹಾಗೆ. ಲಸಿಕೆಯಿಲ್ಲ, ಚಿಕಿತ್ಸೆಯಿಲ್ಲ. ಜೊಲ್ಲಿನಲ್ಲಿ, ಮೂತ್ರದಲ್ಲಿ, ಹಿಕ್ಕೆಯಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗುಲಿದ ಸಾಬೀತಾದ ಪ್ರಕರಣ ಇದುವರೆಗೆ ಒಂದೂ ಇಲ್ಲ. ಹಾಗಿದ್ದರೂ ಸೋಂಕಿತ ಜಿಂಕೆಯ ಮಾಂಸ ತಿನ್ನಬಾರದೆಂದು ಆರೋಗ್ಯ ಇಲಾಖೆಗಳು ಹೇಳುತ್ತವೆ, ನಾನೂ ಹೇಳುತ್ತೇನೆ.

ವಿಸ್ಕಾನ್ಸಿನ್‌ನಲ್ಲಿ ಇದು 2002ರಲ್ಲಿ ಗೊತ್ತಾಯಿತು. ಹಿಂದಿನ ಶರತ್ಕಾಲದಲ್ಲಿ ಬೇಟೆಯಾಡಿದ ಕಾಡುಜಿಂಕೆಗಳಲ್ಲಿ ಸಿಕ್ಕಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದು ಕಾಣಿಸಿಕೊಂಡದ್ದು ಅದೇ ಮೊದಲು. ಈಗ ರಾಜ್ಯದ ದಕ್ಷಿಣದಲ್ಲಿ ಜಿಂಕೆ ಸಾಕುವವರು ಎಂಟು ಅಡಿಯ ಬೇಲಿಯ ಒಳಗೆ ನಿಂತು, ಹೊರಗೆ ಬಂದು ಮೂಗು ಚಾಚುವ ಕಾಡುಜಿಂಕೆಯನ್ನು ನೋಡಿದರೆ ಎದೆ ಹಿಡಿದುಕೊಳ್ಳುತ್ತಾರೆ.

ಈ ಕುಟುಂಬದ ಹಿಂಡಿನಲ್ಲಿ ಬೇಸಿಗೆಯಲ್ಲಿ ಸತ್ತ ಒಂದು ಹೆಣ್ಣುಜಿಂಕೆಯ ಮಾದರಿ ಪಾಸಿಟಿವ್ ಬಂತು. ಆ ಜಿಂಕೆ ಸೊರಗಿರಲಿಲ್ಲ. ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದೂವರೆ ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಅಷ್ಟೂ ಕಾಲ ಜಿಂಕೆ ಮೈತುಂಬಿಕೊಂಡೇ ಓಡಾಡುತ್ತದೆ ಮತ್ತು ಪ್ರಿಯಾನ್‌ಗಳನ್ನು ಚೆಲ್ಲುತ್ತಿರುತ್ತದೆ. ಮರುದಿನವೇ ದಿಗ್ಬಂಧನದ ಆದೇಶ ಬಂತು. ಒಂದು ಜಿಂಕೆಯೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ.

ಅವರ ಮುಂದೆ ದಾರಿಗಳು ಕಡಿಮೆ ಇದ್ದವು. ಇಡೀ ಹಿಂಡನ್ನು ಕೊಂದು ಪರಿಹಾರ ಪಡೆಯಬಹುದು. ಫೆಡರಲ್ ಪರಿಹಾರ ಅಂದಾಜು ಬೆಲೆಯ 95%, ಅದೂ ಒಂದು ಜಿಂಕೆಗೆ 3,000 ಡಾಲರ್ ಮೀರುವಂತಿಲ್ಲ. ದೊಡ್ಡ ಕೊಂಬಿನ ತಳಿಯ ಗಂಡುಜಿಂಕೆಗೆ ಮಾರುಕಟ್ಟೆಯಲ್ಲಿ ಅದರ ಹಲವು ಪಟ್ಟು ಬೆಲೆಯಿದೆ. ಇಲ್ಲವೇ ಕೊನೆಯ ಸೋಂಕಿತ ಜಿಂಕೆ ಸಿಕ್ಕ ದಿನದಿಂದ ಐದು ವರ್ಷ ದಿಗ್ಬಂಧನದಲ್ಲಿ ಕೂರಬಹುದು. ಎರಡನ್ನೂ ನಿರ್ಧರಿಸುವ ಮೊದಲು ಅವರು ಕೇಳಿದ ಪ್ರಶ್ನೆ ಒಂದೇ: ಉಳಿದವುಗಳಲ್ಲಿ ಎಷ್ಟಕ್ಕಿದೆ? ಇದನ್ನು ತಿಳಿಯಲು ರೋಗದ ತನಿಖೆಯ ಭಾಗವಾಗಿ ಇಡೀ ಹಿಂಡಿಗೆ ಜೀವಂತ ಪರೀಕ್ಷೆ ಮಾಡಲು ಅನುಮತಿ ಸಿಕ್ಕಿತು.

ಅಡುಗೆಮನೆಯ ಮೇಜಿನ ಸುತ್ತ ಕುಳಿತು ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪ್ರಿಯಾನ್ ಬಾಯಿಯಿಂದ ಒಳಗೆ ಹೋಗುತ್ತದೆ. ಮೊದಲು ಟಾನ್ಸಿಲ್‌ನಲ್ಲಿ, ಗಂಟಲ ಹಿಂದಿನ ದುಗ್ಧಗ್ರಂಥಿಗಳಲ್ಲಿ ನೆಲೆಯೂರುತ್ತದೆ. ಆಮೇಲೆ ಕರುಳಿನ ಗೋಡೆಯ ದುಗ್ಧ ಅಂಗಾಂಶಗಳಿಗೆ, ಗುದನಾಳದ ತುದಿಯವರೆಗೂ ಹರಡುತ್ತದೆ. ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರ ಹಿಡಿದು ಮೇಲೇರುತ್ತದೆ. ಆ ನರ ಮಿದುಳನ್ನು ಮುಟ್ಟುವ ಜಾಗವೇ ಓಬೆಕ್ಸ್. ಬದುಕಿರುವ ಜಿಂಕೆಯ ಓಬೆಕ್ಸ್ ನಮಗೆ ಎಟುಕುವುದಿಲ್ಲ. ಎಟುಕುವುದು ಎರಡು ತುದಿಗಳು: ಬಾಯಿಯ ಕಡೆಯ ಟಾನ್ಸಿಲ್, ಹಿಂಬದಿಯ ಗುದನಾಳ.

ಟಾನ್ಸಿಲ್ ಬೇಗ ಸುಳಿವು ಕೊಡುತ್ತದೆ. ಕೊಲರಾಡೊದ ಎಸ್ಟೆಸ್ ಪಾರ್ಕ್ ಪಟ್ಟಣದಲ್ಲಿ, ಮನೆಗಳ ಅಂಗಳದಲ್ಲಿ ಮೇಯುವ ಮ್ಯೂಲ್ ಜಿಂಕೆಗಳಿಗೆ ಡಾರ್ಟ್ ಹೊಡೆದು ಟಾನ್ಸಿಲ್ ಚೂರು ತೆಗೆದು, ರೇಡಿಯೊ ಕಾಲರ್ ಕಟ್ಟಿ ಬಿಟ್ಟು, ಫಲಿತಾಂಶ ಬಂದ ಮೇಲೆ ಸೋಂಕಿತವನ್ನು ಹುಡುಕಿಕೊಂಡು ಹೋದ ಸಂಶೋಧಕರಿದ್ದಾರೆ. ಅವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಟಾನ್ಸಿಲ್‌ಗೆ ಪೂರ್ಣ ಅರಿವಳಿಕೆ ಬೇಕು. ಜಿಂಕೆಯ ಬಾಯಿ ಉದ್ದ, ಅಗಲವಾಗಿ ತೆರೆಯುವುದಿಲ್ಲ. ಗಂಟಲ ಬದಿಯ ಕುಳಿಯೊಳಗೆ ಕುಳಿತ ಟಾನ್ಸಿಲನ್ನು ದೀಪ ಹಿಡಿದು ಉದ್ದ ಚಿಮ್ಮಟದಿಂದ ಹುಡುಕಬೇಕು. ಒಂದು ಇಡೀ ಹಿಂಡಿಗೆ ಹಾಗೆ ಅರಿವಳಿಕೆ ಕೊಟ್ಟರೆ ಅರಿವಳಿಕೆಯೇ ಕೆಲವನ್ನು ಕೊಲ್ಲುತ್ತದೆ. ಆದ್ದರಿಂದ ಗುದನಾಳದ ಬಯಾಪ್ಸಿಯನ್ನು, ಅಂದರೆ ಅಲ್ಲಿಂದ ಸಣ್ಣ ಚೂರು ತೆಗೆದು ಪರೀಕ್ಷಿಸುವುದನ್ನು ಆಯ್ದುಕೊಂಡೆವು.

ಅದರ ಮಿತಿಯನ್ನೂ ಹೇಳಿದೆ. ಬಿಳಿಬಾಲದ ಜಿಂಕೆಗಳಲ್ಲಿ ಮಾಡಿದ ಒಂದು ದೊಡ್ಡ ಹೋಲಿಕೆಯಲ್ಲಿ, ಸೋಂಕಿತವೆಂದು ಸತ್ತ ಮೇಲೆ ಖಚಿತವಾದ ಪ್ರತಿ ನೂರರಲ್ಲಿ ಸುಮಾರು 68ನ್ನು ಈ ಬಯಾಪ್ಸಿ ಹಿಡಿದಿತ್ತು. ಮಿದುಳನ್ನು ಮುಟ್ಟಿದ ಸೋಂಕಾದರೆ ಬಹುತೇಕ ತಪ್ಪಿಸಿಕೊಳ್ಳುವುದಿಲ್ಲ. ಇನ್ನೂ ಗಂಟಲಲ್ಲೇ ಇರುವ ಎಳೆಯ ಸೋಂಕಾದರೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಆದ್ದರಿಂದ ಈ ಪರೀಕ್ಷೆ ಹಿಂಡಿನ ಬಗ್ಗೆ ಹೇಳುತ್ತದೆ, ಒಂದೊಂದು ಜಿಂಕೆಯ ಬಗ್ಗೆ ಭರವಸೆ ಕೊಡುವುದಿಲ್ಲ. ಮಾಲೀಕರು ತಲೆಯಾಡಿಸಿದರು. ಅವರ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪ್ರತಿ ಜಿಂಕೆಗೂ ಹೆಸರಿಟ್ಟ ಮನೆಯಲ್ಲಿ 'ಹಿಂಡಿನ ಬಗ್ಗೆ' ಎಂಬ ಮಾತು ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ಆಗಲೇ ನನಗೆ ಅನುಮಾನವಿತ್ತು.

ಕಾಲ ಗೊತ್ತುಮಾಡುವುದರಲ್ಲೇ ಅರ್ಧ ಕೆಲಸವಿದೆ. ಮೇ, ಜೂನ್‌ನಲ್ಲಿ ಮರಿಹಾಕುವ ಸಮಯ, ಹತ್ತಿರ ಹೋಗುವಂತಿಲ್ಲ. ಬೇಸಿಗೆಯ ಉಷ್ಣದಲ್ಲಿ ಓಡಿಸಿದರೆ ಜಿಂಕೆ ತನ್ನ ಮೈಶಾಖದಿಂದಲೇ ಸಾಯುತ್ತದೆ; ಗಂಡುಗಳ ಎಳೆಗೊಂಬು ಆಗ ರಕ್ತ ತುಂಬಿದ ಮೆತ್ತನೆಯ ಚರ್ಮದೊಳಗಿರುತ್ತದೆ, ತಾಗಿದರೆ ಹರಿಯುತ್ತದೆ. ನವೆಂಬರ್‌ನಲ್ಲಿ ಬೆದೆ, ಗಂಡುಗಳು ಎದುರಿಗೆ ಬಂದವರನ್ನು ತಿವಿಯುತ್ತವೆ. ಉಳಿದದ್ದು ಸೆಪ್ಟೆಂಬರ್ ಕೊನೆ. ಆ ಹೊತ್ತಿಗೆ ಕೊಂಬು ಗಟ್ಟಿಯಾಗಿ, ಮೇಲಿನ ಚರ್ಮ ಉದುರಿ, ನೋವಿಲ್ಲದೆ ಗರಗಸದಲ್ಲಿ ಕತ್ತರಿಸಬಹುದಾದ ಸ್ಥಿತಿಗೆ ಬಂದಿರುತ್ತದೆ. ಬೆಳಗಿನ ಜಾವದ ಹವೆ ತಣ್ಣಗಿರುತ್ತದೆ.

ವಾರಗಳ ಮುಂಚಿನಿಂದ ಅವರು ಜಿಂಕೆಗಳಿಗೆ ಓಣಿಯ ಅಭ್ಯಾಸ ಮಾಡಿಸಿದ್ದರು. ಹುಲ್ಲುಗಾವಲಿನಿಂದ ಕಿರಿದಾಗುತ್ತಾ ಬರುವ ಮರದ ಗೋಡೆಯ ದಾರಿ, ಕೊನೆಯಲ್ಲಿ ಕತ್ತಲೆಯ ಕೊಟ್ಟಿಗೆ. ಗೋಡೆಗೆ ಸಂದಿಯಿರಬಾರದು, ಬೆಳಕಿನ ಒಂದು ಗೆರೆ ಕಂಡರೂ ಜಿಂಕೆ ಅಲ್ಲಿ ದಾರಿಯಿದೆ ಎಂದುಕೊಂಡು ಹಾರುತ್ತದೆ. ಅಲ್ಲಿಗೆ ಬಂದು ಜೋಳ ತಿಂದು ತಾವೇ ಹೊರಗೆ ಹೋಗುವುದು ರೂಢಿಯಾದರೆ, ಪರೀಕ್ಷೆಯ ದಿನ ಅಟ್ಟಿಸುವ ಪ್ರಮೇಯವೇ ಬರುವುದಿಲ್ಲ. ಈ ಒಂದು ಸಿದ್ಧತೆ ಎಷ್ಟು ಜೀವ ಉಳಿಸಿತು ಎಂದು ನಾನು ಎಷ್ಟು ಹೇಳಿದರೂ ಕಡಿಮೆ. ಹೆದರಿ ಅತಿಯಾಗಿ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಒಡೆಯುತ್ತವೆ. ಆಗ ಏನೂ ಕಾಣಿಸುವುದಿಲ್ಲ. ಕೆಲವು ಗಂಟೆಯೋ ಕೆಲವು ದಿನವೋ ಕಳೆದು ಕಾಲು ಬಿದ್ದು ಸಾಯುತ್ತದೆ. ಪರೀಕ್ಷೆಗೆಂದು ಹಿಡಿದು ಹಾಗೆ ಕೊಲ್ಲುವುದಾದರೆ ಜೀವಂತ ಪರೀಕ್ಷೆ ಎಂಬ ಹೆಸರಿಗೆ ಅರ್ಥವೇ ಇಲ್ಲ.

ಬೆಳಕು ಹರಿಯುವ ಮುನ್ನ ಶುರುಮಾಡಿದೆವು. ಮಾತು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು, ಕೈಸನ್ನೆ ಮಾತ್ರ. ಕತ್ತಲೆಯ ಕೊಟ್ಟಿಗೆಯಿಂದ ಒಂದೊಂದೇ ಜಿಂಕೆ ಚ್ಯೂಟ್‌ಗೆ ಬರುತ್ತದೆ. ಅದರ ಎರಡೂ ಬದಿ ಇಳಿಜಾರಾದ ಮೆತ್ತೆಯ ಗೋಡೆಗಳು, ಕೆಳಗೆ ನೆಲ. ಜಿಂಕೆ ಒಳಗೆ ಬಂದ ಕೂಡಲೇ ಒಂದು ಹಿಡಿಕೆ ಎಳೆದರೆ ನೆಲ ಕೆಳಗಿಳಿಯುತ್ತದೆ, ಜಿಂಕೆಯ ಎದೆ ಹೊಟ್ಟೆ ಗೋಡೆಗಳ ನಡುವೆ ಕೂರುತ್ತದೆ, ಕಾಲುಗಳು ಗಾಳಿಯಲ್ಲಿ. ಒದೆಯಲು ನೆಲ ಸಿಗದಿದ್ದರೆ ಹೆಚ್ಚಿನವು ಸುಮ್ಮನಾಗುತ್ತವೆ. ತಕ್ಷಣ ಕಣ್ಣಿಗೆ ಬಟ್ಟೆ. ಮಾಲೀಕರ ಹೆಂಡತಿ ಪ್ರತಿ ಜಿಂಕೆಯ ತಲೆಯನ್ನು ಎತ್ತಿ ಹಿಡಿದು, ಮೂತಿ ಕೆಳಮುಖವಾಗಿರುವಂತೆ ನೋಡಿಕೊಂಡರು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ದ್ರವ ಬಾಯಿಗೆ ಬಂದರೆ ಹೊರಗೆ ಹರಿಯಬೇಕು, ಶ್ವಾಸಕೋಶಕ್ಕೆ ಇಳಿಯಬಾರದು.

ಮೊದಲು ಮೈಶಾಖ. 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ನೆಮ್ಮದಿ. 41ರ ಹತ್ತಿರ ಬಂದರೆ ಎಲ್ಲ ಬಿಟ್ಟು ನೀರೆರೆದು ಹೊರಗೆ ಕಳುಹಿಸಬೇಕು, ಮಾದರಿ ಸಿಗದಿದ್ದರೆ ಸಿಗದಿರಲಿ. ಆಮೇಲೆ ಗುರುತು: ಎರಡು ಕಿವಿಗಳ ಎರಡು ಬಿಲ್ಲೆಗಳನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಮತ್ತೊಬ್ಬರು ಮರಳಿ ಹೇಳಿ ಬರೆದುಕೊಳ್ಳಬೇಕು. ಇಡೀ ಬೆಳಗ್ಗೆ ಜೋರಾಗಿ ಆಡಿದ ಮಾತು ಅದೊಂದೇ. ಬಿಲ್ಲೆಯ ಸಂಖ್ಯೆ ಅದಲುಬದಲಾದರೆ ಒಂದು ಜಿಂಕೆ ಸುಮ್ಮನೆ ಸಾಯುತ್ತದೆ, ಇನ್ನೊಂದು ರೋಗ ಹೊತ್ತು ಉಳಿಯುತ್ತದೆ.

ನನ್ನ ಕೆಲಸ ಹಿಂಬದಿಯಲ್ಲಿ. ಹಿಕ್ಕೆಯನ್ನು ಬೆರಳಿನಿಂದ ತೆರವುಗೊಳಿಸಿ, ಲಿಡೊಕೇನ್ ಜೆಲ್ ಹಚ್ಚಿ, ಅದು ಮರಗಟ್ಟಿಸುವವರೆಗೆ ಕಾಯುತ್ತೇನೆ. ಚರ್ಮ ಮುಗಿದು ಲೋಳೆಪೊರೆ ಶುರುವಾಗುವ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಬೇಕಾದ ಜಾಗವಿದೆ. ಅಲ್ಲಿ ಪೊರೆಯನ್ನು ಚಿಮ್ಮಟದಿಂದ ಮೆಲ್ಲಗೆ ಎತ್ತಿ, ಬಾಗಿದ ಕತ್ತರಿಯಿಂದ ಸುಮಾರು ಒಂದು ಸೆಂಟಿಮೀಟರ್ ಉದ್ದದ ತೆಳು ಚೂರನ್ನು ತೆಗೆಯಬೇಕು. ತೀರಾ ಹೊರಗೆ ತೆಗೆದರೆ ಬರೀ ಚರ್ಮ. ತೀರಾ ಒಳಗೆ ಹೋದರೆ ದುಗ್ಧ ಅಂಗಾಂಶ ವಿರಳವಾಗುತ್ತದೆ. ಆಳಕ್ಕೆ ಹೋದರೆ ರಕ್ತ. ಕೈಗೆ ಸಿಕ್ಕಿದ ಚೂರು ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಸ್ಪಂಜಿನ ಮೇಲೆ ಚಪ್ಪಟೆಯಾಗಿ ಹರಡಿ ಕ್ಯಾಸೆಟ್ ಎಂಬ ತೂತುಗಳ ಪುಟ್ಟ ಡಬ್ಬಿಯಲ್ಲಿಟ್ಟು ಫಾರ್ಮಲಿನ್‌ಗೆ ಹಾಕದಿದ್ದರೆ ಪ್ರಯೋಗಾಲಯದವರಿಗೆ ಅಡ್ಡಸೀಳು ಸರಿಯಾಗಿ ಸಿಗುವುದಿಲ್ಲ. ಈ ಚೂರಿನಲ್ಲಿ ಅವರು ಹುಡುಕುವುದು ಫಾಲಿಕಲ್‌ಗಳೆಂಬ ದುಗ್ಧಕೋಶಗಳ ಪುಟ್ಟ ಗುಂಪುಗಳನ್ನು. ಕನಿಷ್ಠ ಆರಾದರೂ ಇದ್ದರೆ ಮಾತ್ರ 'ಸಿಗಲಿಲ್ಲ' ಎಂಬ ಉತ್ತರಕ್ಕೆ ಬೆಲೆ. ವಯಸ್ಸಾದ ಜಿಂಕೆಗಳಲ್ಲಿ ಈ ಗುಂಪುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಹಾಗಾಗಿ ಹಿಂಡಿನ ಹಿರಿಯ ಹೆಣ್ಣುಗಳಿಗೆ ಚೂರನ್ನು ಇನ್ನಷ್ಟು ಜಾಗರೂಕತೆಯಿಂದ ತೆಗೆದೆ.

ಒಂದು ಜಿಂಕೆಗೆ ಬಳಸಿದ ಕತ್ತರಿ, ಚಿಮ್ಮಟ, ಕೈಗವಸು ಇನ್ನೊಂದಕ್ಕೆ ಇಲ್ಲ. ಪ್ರತಿ ಜಿಂಕೆಗೂ ಹೊಸ ಪೊಟ್ಟಣ. ಪ್ರಿಯಾನ್ ಕುದಿಯುವ ನೀರಿಗೆ, ಆಲ್ಕೋಹಾಲಿಗೆ ಬಗ್ಗುವುದಿಲ್ಲ. ಫಾರ್ಮಲಿನ್ ಕೂಡ ಅದನ್ನು ಕೊಲ್ಲುವುದಿಲ್ಲ. ಸ್ಟೀಲ್ ಮೇಲ್ಮೈಯನ್ನು 40% ಬ್ಲೀಚ್ ದ್ರಾವಣದಲ್ಲಿ ಐದು ನಿಮಿಷ ನೆನೆಸಿದರೆ ಅದು ನಿಷ್ಕ್ರಿಯವಾಗುತ್ತದೆ ಎಂದು ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದವರು ತೋರಿಸಿದ್ದಾರೆ, ಆದರೆ ಮಾಂಸದ ಚೂರು ಅಂಟಿಕೊಂಡಿದ್ದರೆ ಬ್ಲೀಚ್ ಅದರೊಳಗೆ ಇಳಿಯುವುದಿಲ್ಲ. ಚ್ಯೂಟ್‌ನ ಲೋಹದ ಭಾಗಗಳನ್ನು ಉಜ್ಜಿ ತೊಳೆದು ಆಮೇಲೆ ಬ್ಲೀಚ್ ಹಾಕಿದೆವು. ಆ ವಾಸನೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು, ಹಾಗಿದ್ದರೂ ಯಾರೂ ಅವಸರಪಡಲಿಲ್ಲ.

ರಕ್ತವನ್ನೂ ತೆಗೆದೆವು. ಪ್ರಿಯಾನ್ ಪ್ರೋಟೀನಿನ ವಂಶವಾಹಿಯಲ್ಲಿ 96ನೆಯ ಸ್ಥಾನದಲ್ಲಿ ಬಿಳಿಬಾಲದ ಜಿಂಕೆಗೆ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಸಂಕೇತ ಇರಬಹುದು ಅಥವಾ ಸೆರೀನ್ ಎಂಬುದರದು ಇರಬಹುದು. ತಾಯಿ ತಂದೆಯಿಂದ ಬಂದ ಎರಡೂ ಪ್ರತಿಗಳಲ್ಲಿ ಗ್ಲೈಸಿನ್ ಇರುವವು ಬೇಗ ಸೋಂಕಿಗೆ ಒಳಗಾಗುತ್ತವೆ, ಬೇಗ ಸಾಯುತ್ತವೆ. ಸೆರೀನ್ ಇದ್ದರೆ ರೋಗ ನಿಧಾನ. ಸಾಕಣೆದಾರರು ಇದನ್ನು ವರವೆಂದು ನೋಡುತ್ತಾರೆ, ಸೆರೀನ್ ಇರುವ ಗಂಡುಗಳನ್ನು ಹುಡುಕಿ ತಳಿ ಮಾಡುತ್ತಾರೆ. ಆದರೆ ರೋಗ ನಿಧಾನವಾದರೆ ಗುದನಾಳಕ್ಕೆ ತಲುಪುವುದೂ ನಿಧಾನ; ನಮ್ಮ ಪರೀಕ್ಷೆಗೆ ಅಂಥ ಜಿಂಕೆಗಳೇ ಕಷ್ಟ. ಮೇಲೆ ಹೇಳಿದ ದೊಡ್ಡ ಹೋಲಿಕೆಯಲ್ಲಿ ಗ್ಲೈಸಿನ್ ಜೋಡಿಯ ಸೋಂಕಿತ ಜಿಂಕೆಗಳಲ್ಲಿ ಮುಕ್ಕಾಲು ಭಾಗ ಸಿಕ್ಕಿಬಿದ್ದರೆ, ಒಂದು ಸೆರೀನ್ ಇದ್ದವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಿಕ್ಕಿದ್ದವು.

ಚ್ಯೂಟ್‌ಗೆ ಬಾರದೆ ಉಳಿದ ಕೆಲವು ಗಂಡುಗಳಿಗೆ ಡಾರ್ಟ್ ಹೊಡೆಯಬೇಕಾಯಿತು. ಕ್ಸೈಲಜಿನ್ ಮತ್ತು ಕೆಟಮಿನ್ ಬೆರೆಸಿದ ಮದ್ದು. ಹೊಡೆದ ಮೇಲೆ ಯಾರೂ ಅಲುಗಾಡಬಾರದು. ಜಿಂಕೆ ತೂಗಾಡಿ, ಮಂಡಿಯೂರಿ, ತಲೆ ನೆಲಕ್ಕಿಡುವವರೆಗೆ ದೂರ ನಿಲ್ಲಬೇಕು. ನಂತರ ಎದೆಯ ಮೇಲೆ ಕೂರಿಸಿ ಹೊಟ್ಟೆ ಉಬ್ಬರಿಸದಂತೆ ನೋಡಿಕೊಂಡು ಕೆಲಸ ಮುಗಿಸಿ ಮರುಮದ್ದು ಚುಚ್ಚಿದೆವು. ಆ ವಾರ ಒಂದು ಜಿಂಕೆಯೂ ಸಾಯಲಿಲ್ಲ. ಇದಕ್ಕೆ ನನ್ನ ಕೈಚಳಕಕ್ಕಿಂತ ಆ ಮರದ ಓಣಿ ಕಾರಣ.

ಮಾದರಿಗಳು ಹೋದ ಮೇಲೆ ಪ್ರಯೋಗಾಲಯದಲ್ಲಿ ನಡೆಯುವುದನ್ನು ನಾನು ಬೇರೊಂದು ಸಂದರ್ಭದಲ್ಲಿ ಕಣ್ಣಾರೆ ನೋಡಿದ್ದೇನೆ. ಚೂರನ್ನು ಮೇಣದಲ್ಲಿ ಅಚ್ಚುಹಾಕಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ ಗಾಜಿಗೆ ಹಚ್ಚುತ್ತಾರೆ. ಪ್ರಿಯಾನ್ ಪ್ರೋಟೀನಿಗೆ ಅಂಟುವ ಪ್ರತಿಕಾಯ ಹಾಕಿ ಬಣ್ಣ ಬರಿಸಿದರೆ ಸೋಂಕಿತ ಫಾಲಿಕಲ್‌ಗಳ ನಡುವೆ ಕೆಂಪು ಕಣಗಳು ಕಾಣುತ್ತವೆ. ನಮ್ಮ ಹಿಂಡಿನ ಅಧಿಕೃತ ಉತ್ತರ ಈ ಇಮ್ಯುನೊಹಿಸ್ಟೊಕೆಮಿಸ್ಟ್ರಿಯಿಂದಲೇ ಬರಬೇಕಿತ್ತು. ಪಾಸಿಟಿವ್ ಬಂದರೆ ಅಯೋವಾದ ಏಮ್ಸ್‌ನಲ್ಲಿರುವ ರಾಷ್ಟ್ರೀಯ ಪಶುವೈದ್ಯ ಪ್ರಯೋಗಾಲಯ ಅದನ್ನು ಖಚಿತಪಡಿಸಬೇಕು. ಹೊಸ ವಿಧಾನವೊಂದಿದೆ, ಆರ್‌ಟಿ-ಕ್ವಿಕ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ತಯಾರಿಸಿದ ಸಹಜ ಪ್ರೋಟೀನಿನ ದ್ರಾವಣಕ್ಕೆ ಜಿಂಕೆಯ ಮಾದರಿಯ ಅತಿ ಸಣ್ಣ ಪಾಲನ್ನು ಸೇರಿಸಿ, ಯಂತ್ರದಲ್ಲಿ ಕುಲುಕುತ್ತಾ ಇಡುತ್ತಾರೆ. ಒಂದಿಷ್ಟು ಪ್ರಿಯಾನ್ ಇದ್ದರೂ ಅದು ಉಳಿದ ಪ್ರೋಟೀನನ್ನು ತನ್ನಂತೆ ಮಡಚತೊಡಗುತ್ತದೆ, ದ್ರಾವಣದಲ್ಲಿರುವ ಥಯೊಫ್ಲೇವಿನ್ ಬಣ್ಣ ಹೊಳೆಯುತ್ತದೆ, ಯಂತ್ರ ಆ ಬೆಳಕನ್ನು ಅಳೆಯುತ್ತದೆ. ಬಹಳ ಕಡಿಮೆ ಪ್ರಮಾಣವನ್ನೂ ಹಿಡಿಯಬಲ್ಲದು. ಕಿವಿಯಿಂದ ತೆಗೆದ ಸಣ್ಣ ಬಿಲ್ಲೆಯಷ್ಟು ಚರ್ಮದಲ್ಲೂ ಹುಡುಕಬಹುದೇ ಎಂಬ ಸಂಶೋಧನೆ ನಡೆದಿದೆ. ಈ ಹೊಸ ವಿಧಾನಕ್ಕೆಂದೇ ನಾವು ಪ್ರತಿ ಜಿಂಕೆಯ ಎರಡನೆಯ ಚೂರನ್ನು ಫಾರ್ಮಲಿನ್ ಇಲ್ಲದೆ ಹಿಮದಲ್ಲಿ ಇಟ್ಟುಕೊಂಡೆವು.

ಕಾಯುವ ದಿನಗಳಲ್ಲಿ ಮಾಲೀಕರು ದಿನವೂ ಕರೆ ಮಾಡುತ್ತಿದ್ದರು. ಕೇಳುವುದಕ್ಕೆ ಏನೂ ಇರುತ್ತಿರಲಿಲ್ಲ, ಮೇವಿನ ಬಗ್ಗೆ ಮಾತಾಡಿ ಇಡುತ್ತಿದ್ದರು.

ಫಲಿತಾಂಶ ಬಂದಾಗ ನಾಲ್ಕು ಜಿಂಕೆಗಳಲ್ಲಿ ಪ್ರಿಯಾನ್ ಸಿಕ್ಕಿತ್ತು. ನಾಲ್ಕೂ ನೋಡಲು ಚೆನ್ನಾಗಿದ್ದವು, ನಾಲ್ಕೂ ಗ್ಲೈಸಿನ್ ಜೋಡಿಯವು. ಒಂದೆರಡು ಮಾದರಿಗಳಲ್ಲಿ ಫಾಲಿಕಲ್ ಸಾಲದೆ ಉತ್ತರ ಬರಲಿಲ್ಲ. ಉಳಿದೆಲ್ಲದರ ಮುಂದೆ 'ಪತ್ತೆಯಾಗಿಲ್ಲ' ಎಂದು ಬರೆದಿತ್ತು. ನಾಲ್ಕನ್ನೂ ಮರುದಿನ ಕೊಂದೆವು. ಓಬೆಕ್ಸ್, ಗಂಟಲ ಗ್ರಂಥಿ ಎಲ್ಲವೂ ಬಯಾಪ್ಸಿಯ ಮಾತನ್ನೇ ಹೇಳಿದವು. ಬೇಸಿಗೆಯಲ್ಲಿ ಸತ್ತ ಹೆಣ್ಣು ಮತ್ತು ಈ ನಾಲ್ಕರಲ್ಲಿ ಮೂರು ಒಂದೇ ಆವರಣದಲ್ಲಿ ಒಂದೇ ನೀರಿನ ತೊಟ್ಟಿಯ ಸುತ್ತ ಬೆಳೆದಿದ್ದವು. ಇಂಥ ವಿವರ ಸತ್ತ ಒಂದು ಜಿಂಕೆಯಿಂದ ಎಂದೂ ಸಿಗುತ್ತಿರಲಿಲ್ಲ. ಆ ಆವರಣವನ್ನು ಖಾಲಿ ಮಾಡಿ ತೊಟ್ಟಿಯನ್ನು ತೆಗೆಸಿದೆವು. ಮಾಲೀಕರ ಮುಖದಲ್ಲಿ ತಿಂಗಳುಗಳ ನಂತರ ಸ್ವಲ್ಪ ರಕ್ತ ಬಂದಿತ್ತು: ಇಷ್ಟೇ ಇದ್ದರೆ ಉಳಿಸಿಕೊಳ್ಳಬಹುದು ಎಂದರು.

ಚಳಿಗಾಲದಲ್ಲಿ ಒಂದು ಹೆಣ್ಣುಜಿಂಕೆ ಮಂಜಿನಲ್ಲಿ ಜಾರಿ ಬೇಲಿಗೆ ಬಿದ್ದು ಕತ್ತು ಮುರಿದುಕೊಂಡಿತು. ಬಾಟಲಿಯ ಹಾಲಿನಲ್ಲಿ ಬೆಳೆದದ್ದು. ಒಂದು ಸೆರೀನ್ ಇದ್ದದ್ದು, ಆದ್ದರಿಂದ ಮುಂದಿನ ತಳಿಗೆ ಆಧಾರವೆಂದು ಅವರು ಎಣಿಸಿದ್ದು. ನಿಯಮದಂತೆ ತಲೆ ತಂದೆ. ಓಬೆಕ್ಸ್‌ನಲ್ಲಿ ಏನೂ ಇರಲಿಲ್ಲ. ಗಂಟಲ ಹಿಂದಿನ ಗ್ರಂಥಿಯಲ್ಲಿ ಇತ್ತು.

ಮಾಲೀಕರ ಹೆಂಡತಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನೀವು ಪರೀಕ್ಷಿಸಿದಾಗ ಇವಳಿಗೆ ಇರಲಿಲ್ಲವಲ್ಲ ಎಂದರು. ಇರಲಿಲ್ಲ ಎಂದು ವರದಿ ಹೇಳಿರಲಿಲ್ಲ, ಪತ್ತೆಯಾಗಿಲ್ಲ ಎಂದು ಹೇಳಿತ್ತು ಎಂದು ನಾನು ನೆನಪಿಸಬೇಕಾಯಿತು. ನೋಟ್‌ಬುಕ್ಕಿನಲ್ಲಿ ಅದನ್ನು ಅವರೇ ಬರೆದುಕೊಂಡಿದ್ದರು. ಬರೆದುಕೊಳ್ಳುವುದು ಬೇರೆ, ಕೈಯಲ್ಲಿ ಹಾಲು ಕುಡಿಸಿದ ಪ್ರಾಣಿಯ ಬಗ್ಗೆ ಅದನ್ನು ನಂಬುವುದು ಬೇರೆ. ಸೆಪ್ಟೆಂಬರ್‌ನಲ್ಲಿ ಅವಳ ಗುದನಾಳದಲ್ಲಿ ಸಾಕಷ್ಟು ಫಾಲಿಕಲ್‌ಗಳಿದ್ದವು, ಮಾದರಿ ಒಳ್ಳೆಯದಿತ್ತು. ಸೋಂಕು ಅಲ್ಲಿಗೆ ಇನ್ನೂ ಇಳಿದಿರಲಿಲ್ಲ, ಅಷ್ಟೇ. ಅಥವಾ ಆಗ ಗಂಟಲಲ್ಲೂ ಇರಲಿಲ್ಲವೇನೋ. ಎರಡರಲ್ಲಿ ಯಾವುದು ಎಂದು ಈ ಪರೀಕ್ಷೆ ಹೇಳಲಾರದು.

ಮುಂದಿನ ಶರತ್ಕಾಲದಲ್ಲಿ ಎರಡನೆಯ ಸುತ್ತು ಮಾಡಿದೆವು. ಬೇರೆ ಆವರಣಗಳಲ್ಲೂ ಪಾಸಿಟಿವ್ ಬಂದವು. ಆಗ ಅವರು ಇಡೀ ಹಿಂಡನ್ನು ತೆಗೆಯಲು ಒಪ್ಪಿದರು. ಯಾರೂ ಒತ್ತಾಯಿಸಲಿಲ್ಲ, ಎರಡು ಸುತ್ತಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಯಾವ ಆವರಣದಿಂದ ಯಾವುದಕ್ಕೆ ಹೋಗಿದೆ ಎಂದು ಅವರೇ ಬೆರಳಿಟ್ಟು ನೋಡಿ ನಿರ್ಧರಿಸಿದರು. ಮೊದಲ ಬೇಸಿಗೆಯಲ್ಲೇ ಕೊಲ್ಲಬೇಕಿತ್ತು ಎನ್ನುವವರು ಆ ಜಿಲ್ಲೆಯಲ್ಲಿ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸತ್ತ ಜಿಂಕೆಯ ಆಧಾರದ ಮೇಲೆ ಜೀವಮಾನದ ದುಡಿಮೆಯನ್ನು ಅಳಿಸಿಹಾಕಿ ಎಂದು ಹೇಳುವುದಕ್ಕೂ, ಹಿಂಡಿನೊಳಗೆ ರೋಗ ಎಲ್ಲಿದೆ ಎಂದು ಕಣ್ಣೆದುರು ತೋರಿಸಿ ಅವರೇ ತೀರ್ಮಾನಿಸಲು ಬಿಡುವುದಕ್ಕೂ ವ್ಯತ್ಯಾಸವಿದೆ. ಆದರೆ ಆ ವರ್ಷದಲ್ಲಿ ಆ ಮಣ್ಣಿಗೆ ಇನ್ನಷ್ಟು ಪ್ರಿಯಾನ್ ಬಿದ್ದಿತು ಎಂಬುದೂ ನಿಜ. ಇದರ ಬೆಲೆಯನ್ನು ಲೆಕ್ಕ ಹಾಕದೆ ಜೀವಂತ ಪರೀಕ್ಷೆಯನ್ನು ಹೊಗಳುವವರ ಜೊತೆಗೂ ನಾನು ನಿಲ್ಲಲಾರೆ.

ಕೊಂದ ಪ್ರತಿ ಜಿಂಕೆಯ ಓಬೆಕ್ಸನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿ, ಎರಡನೆಯ ಸುತ್ತಿನ ಬಯಾಪ್ಸಿಯ ಪಕ್ಕಕ್ಕಿಟ್ಟು ನೋಡಿದೆವು. ಓಬೆಕ್ಸ್ ಪಾಸಿಟಿವ್ ಇದ್ದ ಒಂದೂ ಬಯಾಪ್ಸಿಯಿಂದ ತಪ್ಪಿಸಿಕೊಂಡಿರಲಿಲ್ಲ. ಗ್ರಂಥಿಯಲ್ಲಿ ಮಾತ್ರ ಇದ್ದವುಗಳಲ್ಲಿ ಹಲವು ತಪ್ಪಿಸಿಕೊಂಡಿದ್ದವು, ಅವುಗಳಲ್ಲಿ ಹೆಚ್ಚಿನವಕ್ಕೆ ಸೆರೀನ್ ಇತ್ತು. ಓದಿದ್ದು ಸರಿಯಾಗಿಯೇ ಇತ್ತು. ಆ ಪಟ್ಟಿಯನ್ನು, ಹೆಸರು ಸಂಖ್ಯೆಗಳನ್ನು ತೆಗೆದು, ಕುಟುಂಬದ ಅನುಮತಿಯೊಂದಿಗೆ ಈಗ ನಾನು ಜೀವಂತ ಪರೀಕ್ಷೆ ಕೇಳಿಕೊಂಡು ಬರುವ ಪ್ರತಿ ಸಾಕಣೆದಾರರಿಗೆ ತೋರಿಸುತ್ತೇನೆ. ಮೊದಲು ಒಂದೇ ಸುತ್ತು ಸಾಕೇ ಎಂದು ಕೇಳುತ್ತಾರೆ. ಸಾಲದು, ಕನಿಷ್ಠ ಎರಡು, ನಡುವೆ ಒಂದು ವರ್ಷ, ಸತ್ತ ಪ್ರತಿಯೊಂದರ ತಲೆಯೂ ಬೇಕು ಎನ್ನುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಉಳಿದವರಿಗೆ ಮೊದಲು ಓಣಿ ಕಟ್ಟಲು ಹೇಳುತ್ತೇನೆ.